ಸ್ವಂತ ಖರ್ಚಿನಲ್ಲಿ ಕಥಾಸಂಕಲನ: 300 ಹಾಕಿಸಲೋ, 500 ಹಾಕಿಸಲೋ, 1000 ಹಾಕಿಸಲೋ?

ಶಿಂಷಾ_ದಂಡೆ (ಮಂಡ್ಯ)

ಎಲ್ಲರಿಗೂ ನಮಸ್ಕಾರ. 14 ಕಥೆಗಳ ಸಂಕಲನ ಸಿದ್ಧವಿದೆ, ಸುಮಾರು 34 ಸಾವಿರ ಪದ. ಸಂಭಾಷಣೆಯೆಲ್ಲ ಮಂಡ್ಯ ಸೀಮೆಯ ಆಡುಮಾತು. ಕಥೆ ಬರೆಯುವವಳೇ ಹೊರತು ಅಚ್ಚಿನ ವ್ಯವಹಾರ ನನಗೆ ಪೂರ್ತಿ ಹೊಸದು. ಸ್ವಂತ ಖರ್ಚಿನಲ್ಲೇ ತರುವುದೆಂದು ಗಟ್ಟಿಯಾಗಿದೆ. ಮೈಸೂರಿನಲ್ಲಿ ವಿಚಾರಿಸಿದಾಗ ಡೆಮಿ 1/8 (ಕಥೆ ಪುಸ್ತಕದ ಸಾಮಾನ್ಯ ಅಳತೆ), 164 ಪುಟ, ಒಳಗೆ ಚದರ ಮೀಟರಿಗೆ 70 ಗ್ರಾಂ ತೂಕದ ಕಾಗದ, ಅಂದರೆ 70 ಜಿಎಸ್‌ಎಂ ಮ್ಯಾಪ್‌ಲಿಥೊ, 300 ಜಿಎಸ್‌ಎಂ ಆರ್ಟ್ ಕಾರ್ಡಿನ ಮುಖಪುಟ, ಮ್ಯಾಟ್ ಲ್ಯಾಮಿನೇಷನ್, ಪರ್ಫೆಕ್ಟ್ ಬೈಂಡಿಂಗ್ (ಹೊಲಿಗೆಯಿಲ್ಲದೆ ಬೆನ್ನಿಗೆ ಅಂಟು ಹಾಕುವುದು) ಲೆಕ್ಕದಲ್ಲಿ ಈ ದರ ಹೇಳಿದ್ದಾರೆ:

ಡಿಜಿಟಲ್‌ನಲ್ಲಿ 100 ಪ್ರತಿ (ಫೈಲಿನಿಂದ ನೇರವಾಗಿ ಅಚ್ಚಿಸುವುದು): ಒಂದಕ್ಕೆ ₹130
ಆಫ್‌ಸೆಟ್‌ನಲ್ಲಿ 500 ಪ್ರತಿ (ಪುಟಗಳ ತಗಡಿನ ಪ್ಲೇಟು ಮಾಡಿ ಅಚ್ಚಿಸುವುದು): ಒಂದಕ್ಕೆ ₹68
ಆಫ್‌ಸೆಟ್‌ನಲ್ಲಿ 1000 ಪ್ರತಿ: ಒಂದಕ್ಕೆ ₹53

ಇದಲ್ಲದೆ ಇನ್ನೊಂದು ಕಡೆ ₹45,000ಕ್ಕೆ ‘ಪ್ಯಾಕೇಜ್’ ಇದೆ: ಮುಖಪುಟ, ಪುಟವಿನ್ಯಾಸ, ಪುಸ್ತಕದ ಗುರುತುಸಂಖ್ಯೆಯಾದ ಐಎಸ್‌ಬಿಎನ್, 100 ಪ್ರತಿ, ಆನ್‌ಲೈನ್ ಮಾರಾಟ ಎಲ್ಲ ಸೇರಿ.

₹53ರ ಲೆಕ್ಕ ನೋಡಿದರೆ ಸಾವಿರವೇ ಲಾಭ ಅನ್ನಿಸುತ್ತದೆ. ಅದು ಸರಿಯೇ? ಈ ದರಗಳಲ್ಲಿ ಸೇರದೇ ಇರುವ ಖರ್ಚು ಯಾವುವು? ಮುಖಬೆಲೆ ಎಷ್ಟಿಡಬೇಕು? ಫೈಲು ವರ್ಡ್‌ನಲ್ಲಿದೆ, ಯೂನಿಕೋಡ್. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಅಚ್ಚಿನಮನೆ (ಮೈಸೂರು)

ಮೇಡಂ, ಎಷ್ಟು ಪ್ರತಿ ಅನ್ನೋದಕ್ಕಿಂತ ಮೊದಲು ಆ 164 ಅನ್ನೋ ಸಂಖ್ಯೆ ತೆಗೀರಿ. ಡೆಮಿ 1/8 ಪುಸ್ತಕ 16 ಪುಟದ ಫಾರಂ ಲೆಕ್ಕದಲ್ಲಿ ಅಚ್ಚಾಗುತ್ತೆ. 18×23 ಇಂಚಿನ ಒಂದು ಹಾಳೆ, ಈ ಮಗ್ಗುಲಿಗೆ 8 ಪುಟ, ಆ ಮಗ್ಗುಲಿಗೆ 8. 160 ಪುಟ ಅಂದ್ರೆ ಸರಿಯಾಗಿ 10 ಫಾರಂ. 164 ಅಂದ್ರೆ 10 ಫಾರಂ ಮೇಲೆ ನಾಲ್ಕು ಪುಟದ ಬಾಲ. ಆ ಬಾಲಕ್ಕೂ ಪ್ಲೇಟು ಬೇರೆ, ಮಿಷನ್ ಕೂಲಿ ಬೇರೆ, ಮಡಿಸಿ ಸೇರಿಸೋ ಕೆಲಸ ಬೇರೆ. 500 ಪ್ರತಿಗೆ ಸುಮಾರು ಒಂದೂವರೆ ಸಾವಿರ ಅಲ್ಲೇ ಹೋಗುತ್ತೆ.

ನಾಲ್ಕು ಪುಟ ಉಳಿಸೋದು ಕಷ್ಟವಲ್ಲ. ಪ್ರತಿ ಕಥೆಯನ್ನೂ ಬಲಪುಟದಲ್ಲೇ ಶುರು ಮಾಡಿಸಿದ್ದರೆ 14 ಕಥೆಗೆ ಆರೇಳು ಎಡಪುಟ ಖಾಲಿ ಬಿದ್ದಿರುತ್ತವೆ. ಹಿಂದಿನ ಕಥೆ ಮುಗಿದ ಮುಂದಿನ ಪುಟದಲ್ಲೇ ಶುರು ಮಾಡಿಸಿ, 160ಕ್ಕೆ ಬರುತ್ತೆ. ಅಕ್ಷರ ಚಿಕ್ಕದು ಮಾಡಿ ಮಾತ್ರ ಉಳಿಸಬೇಡಿ.

ಈಗ ಖರ್ಚನ್ನ ಎರಡು ಭಾಗ ಮಾಡ್ಕೊಳ್ಳಿ: ಎಷ್ಟೇ ಪ್ರತಿ ಹಾಕಿಸಿದರೂ ಒಂದೇ ಆಗಿರೋದು, ಪ್ರತಿಯ ಜೊತೆ ಏರೋದು. ಕೆಳಗಿನ ದರಗಳು ಲೆಕ್ಕಕ್ಕೆ ಹಿಡಿದವು. ಕಾಗದದ ಕೆ.ಜಿ. ದರ ನಿಲ್ಲೋದಲ್ಲ, ನಿಮ್ಮ ಕೊಟೇಶನ್ನಿನ ಅಂಕಿ ಅಲ್ಲಲ್ಲಿ ಹಾಕ್ಕೊಳ್ಳಿ.

ಬದಲಾಗದ ಖರ್ಚು: 10 ಫಾರಂಗೆ ಎರಡೆರಡು ಮಗ್ಗುಲು, 20 ಪ್ಲೇಟು, ₹200ರಂತೆ ₹4,000. ಪ್ರಿಂಟಿಂಗ್ ಕೂಲಿಗೆ ಸಾಮಾನ್ಯವಾಗಿ ಸಾವಿರ ಇಂಪ್ರೆಷನ್ನಿನ (ಒಂದು ಹಾಳೆ ಮಿಷನ್ನಿನಲ್ಲಿ ಒಂದು ಸಲ ಹಾಯೋದು) ಕನಿಷ್ಠ ದರ ಹಾಕ್ತಾರೆ. ಅಂದ್ರೆ 300 ಹಾಕಿಸಿದರೂ 1000 ಹಾಕಿಸಿದರೂ ಕೂಲಿ ಅಷ್ಟೇ. ಮಗ್ಗುಲಿಗೆ ₹300ರಂತೆ ₹6,000. ಮುಖಪುಟದ ನಾಲ್ಕು ಬಣ್ಣದ ಪ್ಲೇಟು, ಪ್ರಿಂಟಿಂಗ್ ₹3,000. ಇಂಕು ಹದಕ್ಕೆ ಬರೋವರೆಗೆ ಪ್ರತಿ ಫಾರಂಗೆ 50 ಹಾಳೆ ಹಾಳಾಗುತ್ತೆ, ಒಟ್ಟು 500 ಹಾಳೆ, ಒಂದು ರೀಮು, ಸುಮಾರು ₹900. ಎಲ್ಲ ಸೇರಿ ₹13,900.

ಪ್ರತಿಯ ಜೊತೆ ಏರೋದು: 18×23, 70 ಜಿಎಸ್‌ಎಂನ ಒಂದು ರೀಮು 9.3 ಕೆ.ಜಿ. ತೂಗುತ್ತೆ. ಒಂದು ಪುಸ್ತಕಕ್ಕೆ 10 ಹಾಳೆ, 187 ಗ್ರಾಂ. ಕೆ.ಜಿ.ಗೆ ₹95 ಹಿಡಿದರೆ ₹17.75. ಮುಖಪುಟದ ಕಾರ್ಡು, ಲ್ಯಾಮಿನೇಷನ್ ₹5. ಬೈಂಡಿಂಗ್ ₹14. ಒಟ್ಟು ₹36.75.

ಇದರ ಪ್ರಕಾರ 300ಕ್ಕೆ ₹24,925, ಪ್ರತಿಗೆ ₹83. 500ಕ್ಕೆ ₹32,275, ಪ್ರತಿಗೆ ₹64.50. ಸಾವಿರಕ್ಕೆ ₹50,650, ಪ್ರತಿಗೆ ₹50.65. ನಿಮಗೆ ಹೇಳಿರೋ ದರ ಈ ಲೆಕ್ಕಕ್ಕೆ ಹತ್ತಿರವೇ ಇದೆ, ಹೆಚ್ಚೇನೂ ಹಾಕಿಲ್ಲ. ₹130ರ ಡಿಜಿಟಲ್ಲೂ ಆಫ್‌ಸೆಟ್ಟೂ ಸಮ ಆಗೋದು 150 ಪ್ರತಿಯ ಹತ್ತಿರ. ಅದಕ್ಕಿಂತ ಕಡಿಮೆ ಬೇಕಿದ್ದರೆ ಡಿಜಿಟಲ್, ಹೆಚ್ಚು ಬೇಕಿದ್ದರೆ ಆಫ್‌ಸೆಟ್.

ಕೊಟೇಶನ್ನು ಬಾಯಿಮಾತಲ್ಲಿ ತಗೋಬೇಡಿ. ಕಾಗದದ ಮಿಲ್ಲು, ಜಿಎಸ್‌ಎಂ, ಬಣ್ಣ (ಬಿಳಿಯೋ, ತುಸು ಹಳದಿ ಛಾಯೆಯ ನ್ಯಾಚುರಲ್ ಶೇಡೋ) ಬರೆಸಿ. 70 ಅಂತ ಹೇಳಿ 60 ಹಾಕಿದರೆ ಹಿಂದಿನ ಪುಟದ ಅಕ್ಷರ ಮುಂದಕ್ಕೆ ಕಾಣುತ್ತೆ. ಸಾಲುಗಳು ಬೆನ್ನಿಗೆ ಬೆನ್ನು ಕೂರದಿದ್ದರಂತೂ ಓದೋರ ಕಣ್ಣು ನೋಯುತ್ತೆ. ಕಥೆ ಪುಸ್ತಕಕ್ಕೆ ಅಚ್ಚಬಿಳಿಗಿಂತ ನ್ಯಾಚುರಲ್ ಶೇಡ್ ಒಳ್ಳೇದು. ಜಿಎಸ್‌ಟಿ ಸೇರಿದೆಯೋ ಇಲ್ಲವೋ ಕೇಳಿ. ಅಚ್ಚಾದ ಪುಸ್ತಕ ಮಾರೋದಕ್ಕೆ ಜಿಎಸ್‌ಟಿ ಇಲ್ಲ, ಆದರೆ ಕಾಗದಕ್ಕೂ ಅಚ್ಚಿನ ಕೆಲಸಕ್ಕೂ ಇದೆ. ನೀವು ಮಾರೋ ವಸ್ತುವಿಗೇ ತೆರಿಗೆ ಇಲ್ಲದ್ದರಿಂದ ಕಟ್ಟಿದ್ದನ್ನ ವಾಪಸ್ ಹಿಡ್ಕೊಳ್ಳೋಕೆ ದಾರಿಯಿಲ್ಲ, ಅದು ನಿಮ್ಮ ಖರ್ಚೇ.

ಕರಡುತಿದ್ದು (ಕುವೆಂಪುನಗರ)

ಅಚ್ಚಿನಮನೆಯವರ ಲೆಕ್ಕ ಶುರುವಾಗುವುದು ಪ್ಲೇಟಿನಿಂದ. ಅದಕ್ಕೂ ಮೊದಲಿನ ಖರ್ಚು ನಿಮ್ಮ ಕೊಟೇಶನ್ನುಗಳಲ್ಲಿ ಇಲ್ಲ. ಪುಟವಿನ್ಯಾಸ 160 ಪುಟಕ್ಕೆ ₹30ರಂತೆ ₹4,800, ಎರಡು ಸುತ್ತಿನ ಕರಡು ತಿದ್ದುಪಡಿ ಸುತ್ತಿಗೆ ಪುಟಕ್ಕೆ ₹15ರಂತೆ ₹4,800, ಮುಖಪುಟ ವಿನ್ಯಾಸಕ್ಕೆ ₹4,000 ಅಂದುಕೊಳ್ಳಿ. ₹13,600 ಆಯಿತು. ಇದೂ ಬದಲಾಗದ ಖರ್ಚಿನ ಸಾಲಿಗೇ ಸೇರಬೇಕು. ಇದರಲ್ಲಿ ಉಳಿಸಲು ಹೋಗಬೇಡಿ. ಕಾಗದ ಸಾಧಾರಣವಾಗಿದ್ದರೆ ಓದುಗರು ಮರೆಯುತ್ತಾರೆ, ಮೂರನೇ ಪುಟದಲ್ಲೇ ತಪ್ಪು ಸಿಕ್ಕರೆ ಮರೆಯುವುದಿಲ್ಲ.

ವರ್ಡ್ ಫೈಲಿನಿಂದ ನೇರವಾಗಿ ಪಿಡಿಎಫ್ ಮಾಡಿ ಪ್ರೆಸ್ಸಿಗೆ ಕೊಡುವುದು ಬೇಡ. ವರ್ಡ್‌ನ ಕಪ್ಪು ಸಾಮಾನ್ಯವಾಗಿ ಮೂರು ಬಣ್ಣ ಕೂಡಿದ ಪರದೆಯ ಕಪ್ಪು. ಅದನ್ನು ಒಂದೇ ಕಪ್ಪು ಪ್ಲೇಟಿಗೆ ಇಳಿಸುವಾಗ ಅಕ್ಷರ ಪೂರ್ತಿ ಕಪ್ಪಾಗದೆ ಚುಕ್ಕಿಚುಕ್ಕಿಯಾಗಿ ಬೀಳಬಹುದು. ಭೂತಗನ್ನಡಿ ಹಿಡಿದರೆ ‘ಕ್ಷ’ದ ಅಂಚು ಗರಗಸದ ಹಲ್ಲಿನಂತೆ ಕಾಣುತ್ತದೆ, ಬರಿಗಣ್ಣಿಗೆ ಇಡೀ ಪುಟ ಮಾಸಲು. ಪುಟವಿನ್ಯಾಸದವರಿಗೆ ಹೇಳಬೇಕಾದ ಮಾತು ಒಂದೇ: ಒಳಪುಟದ ಅಕ್ಷರವೆಲ್ಲ ನೂರಕ್ಕೆ ನೂರು ಕಪ್ಪು ಮಾತ್ರ.

ಇನ್ನು ಫಾಂಟು. ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ನ ಈಚಿನ ಆವೃತ್ತಿಗಳಲ್ಲಿ ಭಾರತೀಯ ಭಾಷೆಗಳ ಕಂಪೋಸರ್ ಆರಿಸಿಕೊಂಡರೆ ಯೂನಿಕೋಡ್ ಕನ್ನಡ ಸರಿಯಾಗಿ ಕೂರುತ್ತದೆ. ಆದರೆ ಈಗಲೂ ಅನೇಕ ಡಿಟಿಪಿ ಅಂಗಡಿಗಳಲ್ಲಿ ಪೇಜ್‌ಮೇಕರ್, ಹಳೆಯ ನುಡಿ ಇಲ್ಲವೇ ಶ್ರೀಲಿಪಿಯ ಆಸ್ಕಿ (ಯೂನಿಕೋಡ್ ಅಲ್ಲದ ಹಳೆಯ ಬಗೆಯ) ಫಾಂಟುಗಳಲ್ಲೇ ಕೆಲಸ ನಡೆಯುತ್ತದೆ. ಅಲ್ಲಿ ನಿಮ್ಮ ಯೂನಿಕೋಡ್ ಪಠ್ಯವನ್ನು ಪರಿವರ್ತಕದ ಮೂಲಕ ಹಾಯಿಸುತ್ತಾರೆ. ತಪ್ಪು ನುಸುಳುವುದು ಅಲ್ಲೇ. ನೀವು ‘ರ‍್ಯಾಲಿ’ ಎಂದು ಬರೆದದ್ದು ಅರ್ಕಾವತ್ತು ಸೇರಿ ‘ರ್ಯಾಲಿ’ ಆಗುತ್ತದೆ. ಎರಡು ಒತ್ತು ಬರುವ ‘ರಾಷ್ಟ್ರ’, ‘ಸ್ತ್ರೀ’ ತರಹದ ಪದಗಳಲ್ಲಿ ಒಂದು ಒತ್ತು ಜಾರಿಹೋಗಬಹುದು. ಉದ್ಧರಣ ಚಿಹ್ನೆ, ಡ್ಯಾಶ್ ಬೇರೆ ಅಕ್ಷರವಾಗಿ ಬೀಳುತ್ತವೆ. ಆದ್ದರಿಂದ ಪರಿವರ್ತನೆ ಆದ ಮೇಲೆ ಓದಿದ ಕರಡೇ ನಿಜವಾದ ಕರಡು. ಅದಕ್ಕೂ ಮುಂಚೆ ವರ್ಡ್‌ನಲ್ಲಿ ಎಷ್ಟು ಸಲ ತಿದ್ದಿದ್ದರೂ ಈ ತಪ್ಪುಗಳು ಆಗ ಇರಲೇ ಇಲ್ಲ.

ಅಕ್ಷರ 12 ಪಾಯಿಂಟ್ ಇದ್ದರೆ ಸಾಲಿನಿಂದ ಸಾಲಿಗೆ 17–18 ಪಾಯಿಂಟ್ ಬೇಕು. ಪುಟ ಉಳಿಸಲು ಇದನ್ನು 15ಕ್ಕೆ ಇಳಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ.

ಸಾಲಿನ ಎರಡೂ ಅಂಚು ಸಮ ಮಾಡುವಾಗ ಕನ್ನಡದ ಉದ್ದ ಪದಗಳಿಂದ ನಡುವೆ ದೊಡ್ಡ ಸಂದು ಬೀಳುತ್ತದೆ. ಅದನ್ನು ಮುಚ್ಚಲು ಡಿಟಿಪಿಯವರು ಕೈಯಿಂದ ಹೈಫನ್ ಹಾಕಿ ಪದ ಒಡೆಯುತ್ತಾರೆ. ಮುಂದೆ ನೀವು ಒಂದು ವಾಕ್ಯ ತಿದ್ದಿದರೆ ಸಾಲು ಸರಿದು, ಆ ಹೈಫನ್ ಸಾಲಿನ ಮಧ್ಯಕ್ಕೆ ಬಂದು ಕೂರುತ್ತದೆ: ‘ಹೇಳ-ಬೇಕಾಗಿತ್ತು’. ಕೊನೆಯ ಸುತ್ತಿನಲ್ಲಿ ಪಠ್ಯವೆಲ್ಲ ಓದಲು ಆಗದಿದ್ದರೂ ಹೈಫನ್ ಒಂದನ್ನೇ ಹುಡುಕಿಸಿ ನೋಡಿ.

ನಿಮ್ಮ ಪುಸ್ತಕಕ್ಕೆ ಇನ್ನೊಂದು ಅಪಾಯ ಇದೆ, ಅದೇ ದೊಡ್ಡದು. ಆಡುಮಾತನ್ನು ಒಳ್ಳೆಯ ಮನಸ್ಸಿನಿಂದಲೇ ‘ಸರಿ’ ಮಾಡಿಬಿಡುತ್ತಾರೆ. ‘ಓಗು’ ಇದ್ದದ್ದು ‘ಹೋಗು’, ‘ಬತ್ತೀನಿ’ ಇದ್ದದ್ದು ‘ಬರ್ತೀನಿ’. ಅದೂ ಎಲ್ಲ ಕಡೆ ಅಲ್ಲ, ಕಣ್ಣಿಗೆ ಬಿದ್ದ ಕಡೆ ಮಾತ್ರ. ಆಗ ಒಂದೇ ಪಾತ್ರ ಒಂದು ಪುಟದಲ್ಲಿ ಮದ್ದೂರಿನ ಮಾತು, ಇನ್ನೊಂದು ಪುಟದಲ್ಲಿ ಪಠ್ಯಪುಸ್ತಕದ ಮಾತು ಆಡುತ್ತದೆ. ಕರಡಿನ ಜೊತೆ ಎರಡು ಪುಟದ ಪದಪಟ್ಟಿ ಕೊಡಿ. ಎಡಗಡೆ ನೀವು ಬರೆದ ರೂಪ, ಬಲಗಡೆ ‘ಹೀಗೇ ಇರಲಿ’. ನಿಮ್ಮಲ್ಲೇ ‘ಬತ್ತಿನಿ’, ‘ಬತ್ತೀನಿ’ ಎಂದು ಎರಡು ರೂಪ ಇದ್ದರೆ ಈಗಲೇ ಒಂದನ್ನು ಆರಿಸಿಕೊಳ್ಳಿ.

ಕರಡನ್ನು ಕಾಗದದ ಮೇಲೆ ಓದಿ, ಪರದೆಯಲ್ಲಿ ಬೇಡ. ಎರಡನೇ ಸುತ್ತಿನ ನಂತರ ಸೇರಿಸುವ ಪ್ರತಿ ವಾಕ್ಯವೂ ಹೊಸ ತಪ್ಪು ತರುತ್ತದೆ. ಪರಿವಿಡಿಯ ಪುಟಸಂಖ್ಯೆಯನ್ನು ಎಲ್ಲ ಮುಗಿದ ಮೇಲೆ, ಕೊಟ್ಟಕೊನೆಗೆ ತಾಳೆ ನೋಡಿ.

ಪುಸ್ತಕಸಂತೆ (ಮೈಸೂರು)

ಎಷ್ಟು ಪ್ರತಿ ಅನ್ನೋ ಪ್ರಶ್ನೆಗೆ ಬರ್ತೀನಿ. ₹53 ಅನ್ನೋದು ಅಚ್ಚಾದ ಪ್ರತಿಯ ಬೆಲೆ. ನಿಮಗೆ ಬೇಕಾಗಿರೋದು ಮಾರಾಟವಾದ ಪ್ರತಿಯ ಬೆಲೆ. ಸಾವಿರ ಹಾಕಿಸಿ 250 ಮಾರಿದರೆ ಒಂದೊಂದರ ಅಚ್ಚಿಗೆ ₹212 ಬಿದ್ದಿರುತ್ತೆ.

160 ಪುಟದ ಕಥಾಸಂಕಲನಕ್ಕೆ ಮುಖಬೆಲೆ ₹200 ಇಡಬಹುದು. ಅಂಗಡಿಗಳು ಕೇಳೋದು 30ರಿಂದ 40 ಪರ್ಸೆಂಟ್. 40 ಕೊಟ್ಟರೆ ನಿಮ್ಮ ಕೈಗೆ ₹120. ಬಿಡುಗಡೆಯ ದಿನ, ಫೋನ್ ಪೇ ಮೂಲಕ, ಪರಿಚಿತರಿಗೆ ನೇರವಾಗಿ 15 ಪರ್ಸೆಂಟ್ ಬಿಟ್ಟು ಮಾರಿದರೆ ₹170. ಎರಡೂ ಅರ್ಧರ್ಧ ಅಂದ್ರೆ ಸರಾಸರಿ ₹145. ಮೇಲಿನವರು ಹೇಳಿದ ₹13,600ನ್ನೂ ಸೇರಿಸಿದರೆ ಒಟ್ಟು ಖರ್ಚು 300ಕ್ಕೆ ₹38,525, 500ಕ್ಕೆ ₹45,875, ಸಾವಿರಕ್ಕೆ ₹64,250.

250 ಮಾರಾಟ ಆಯ್ತು ಅಂದುಕೊಳ್ಳಿ, ಬರೋದು ₹36,250. 300 ಹಾಕಿಸಿದ್ದರೆ ನಷ್ಟ ₹2,275. 500 ಹಾಕಿಸಿದ್ದರೆ ₹9,625. ಸಾವಿರ ಹಾಕಿಸಿದ್ದರೆ ₹28,000, ಜೊತೆಗೆ ಮನೆಯಲ್ಲಿ 700ಕ್ಕೂ ಹೆಚ್ಚು ಪುಸ್ತಕ.

450 ಮಾರಾಟ ಆಯ್ತು ಅಂದರೆ ಬರೋದು ₹65,250. ಆಗ 500ರಲ್ಲಿ ಲಾಭ ₹19,375, ಸಾವಿರದಲ್ಲಿ ಬರೀ ₹1,000. ಪ್ರತಿಗೆ ಹದಿನಾಲ್ಕು ರೂಪಾಯಿ ‘ಉಳಿಸಿದ’ ಸಾವಿರದ ಲೆಕ್ಕ ಇಲ್ಲೂ ಹಿಂದೆ ಬೀಳುತ್ತೆ. ಸಾವಿರ ಹಾಕಿಸಿದ್ದು 500ಕ್ಕಿಂತ ಮುಂದೆ ಹೋಗಬೇಕಾದರೆ, 500 ಪೂರ್ತಿ ಖಾಲಿಯಾದ ಮೇಲೆ ಇನ್ನೂ ನೂರಿಪ್ಪತ್ತೇಳು ಮಾರಬೇಕು.

ಎದುರು ಮಗ್ಗುಲನ್ನೂ ಹೇಳಬೇಕು. 300 ಹಾಕಿಸಿ, ಖಾಲಿಯಾಗಿ, ಮತ್ತೆ 200 ಹಾಕಿಸಿದರೆ ಪ್ಲೇಟು, ಮಿಷನ್ ಕೂಲಿ ಎಲ್ಲ ಎರಡನೇ ಸಲ: ಒಟ್ಟಿಗೇ 500 ಹಾಕಿಸೋದಕ್ಕಿಂತ ₹13,900 ಹೆಚ್ಚು. ಹಾಗಾಗಿ ಹೆಸರು ಹಿಡಿದು ಎಣಿಸಿ: ಖಂಡಿತ ಕೊಳ್ಳೋರು ಯಾರು, ಎಷ್ಟು ಜನ? ಶಾಲೆ ಕಾಲೇಜಿನ ಸಹೋದ್ಯೋಗಿಗಳು, ಊರಿನೋರು, ವಾಟ್ಸಾಪ್ ಗುಂಪಿನ ಓದುಗರು. ಮುಂಗಡ ಹಣ ಕೊಟ್ಟೋರನ್ನು ಪೂರ್ತಿ ಲೆಕ್ಕಕ್ಕೆ ಹಿಡೀರಿ, ‘ತಗೋತೀನಿ ಬಿಡಕ್ಕ’ ಅಂದೋರಲ್ಲಿ ಅರ್ಧ ಬಿಡಿ. ಆ ಸಂಖ್ಯೆ 150 ದಾಟಿದರೆ 500 ಹಾಕಿಸಿ. ದಾಟದಿದ್ದರೆ 300. ಸಾವಿರ ಮೊದಲ ಪುಸ್ತಕಕ್ಕೆ ಬೇಡವೇ ಬೇಡ.

ಮಾರೋಕೆ ಸಿಗದ ಪ್ರತಿಗಳನ್ನ ಮೊದಲೇ ಕಳೀರಿ. ಬಿಡುಗಡೆ ಮಾಡೋರು, ಮುನ್ನುಡಿ ಬೆನ್ನುಡಿ ಬರೆದೋರು, ಪತ್ರಿಕೆಗಳ ವಿಮರ್ಶಾ ವಿಭಾಗ (ಎರಡೆರಡು ಪ್ರತಿ), ಸ್ಪರ್ಧೆ ಬಹುಮಾನಗಳ ಅರ್ಜಿ (ನಾಲ್ಕು ನಾಲ್ಕು ಹೋಗುತ್ತೆ). 1954ರ ಪುಸ್ತಕ ಸಲ್ಲಿಕೆ ಕಾಯ್ದೆ ಪ್ರಕಾರ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು, ಚೆನ್ನೈನ ಕನ್ನಿಮರ ಗ್ರಂಥಾಲಯ, ಮುಂಬೈನ ಕೇಂದ್ರ ಗ್ರಂಥಾಲಯ, ದೆಹಲಿ ಸಾರ್ವಜನಿಕ ಗ್ರಂಥಾಲಯಕ್ಕೆ ಒಂದೊಂದು ನಿಮ್ಮ ಖರ್ಚಲ್ಲೇ ಕಳಿಸಬೇಕು. ಎಲ್ಲ ಸೇರಿ 40 ಪ್ರತಿ ಅಂತ ಇಟ್ಕೊಳ್ಳಿ.

ಅಂಗಡಿಗೆ ಕೊಡೋವಾಗ ಹೆಚ್ಚಿನ ಕಡೆ ಮಾರಿದ ಮೇಲೆ ದುಡ್ಡು ಅಂತಾರೆ. ಒಂದೊಂದು ಕಡೆ ಐದೋ ಹತ್ತೋ ಪ್ರತಿ ಕೊಟ್ಟು ಚಲನ್‌ಗೆ ಸಹಿ ಹಾಕಿಸಿ, ಮೂರು ತಿಂಗಳಿಗೊಮ್ಮೆ ಹೋಗಿ ಲೆಕ್ಕ ನೋಡಿ. ಒಟ್ಟಿಗೆ 50 ಇಟ್ಟುಬಂದರೆ ವಾಪಸ್ ಬರೋವಾಗ ಮೂಲೆ ಮಡಚಿ, ಲ್ಯಾಮಿನೇಷನ್ ಗೀಚಿ, ಮಾರೋಕೆ ಬಾರದ ಹಾಗೆ ಬರ್ತವೆ. ಮೈಸೂರಲ್ಲಿ ದಸರಾ ಸಮಯದ ಪುಸ್ತಕ ಮೇಳ ಸಿಗುತ್ತೆ. ಮಳಿಗೆ ಬಾಡಿಗೆಯನ್ನ ನಾಲ್ಕೈದು ಲೇಖಕರು ಹಂಚ್ಕೊಂಡರೆ ಗಿಟ್ಟುತ್ತೆ, ಒಬ್ಬರೇ ಒಂದು ಪುಸ್ತಕಕ್ಕೆ ಹಿಡಿದರೆ ಗಿಟ್ಟಲ್ಲ. ಸಾಹಿತ್ಯ ಸಮ್ಮೇಳನದ ಮಳಿಗೆ ಮನೆಬಾಗಿಲಿಗೇ ಬರುತ್ತೆ ಅಂತ ಕಾಯಬೇಡಿ. ಮಂಡ್ಯಕ್ಕೆ ಅದು ಬಂದಿದ್ದು 1974, 1994, ಆಮೇಲೆ 2024ರ ಡಿಸೆಂಬರ್.

ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಖಂಡಿತ ಹಾಕಿ, ಆದರೆ ಆ ದುಡ್ಡನ್ನ ನಂಬಿ ಪ್ರತಿ ಹೆಚ್ಚು ಮಾಡಬೇಡಿ. ಆಯ್ಕೆ ಆಗಬೇಕು, ಆದಮೇಲೂ ದರ ಪುಟದ ಲೆಕ್ಕದಲ್ಲಿ, ನಿಮ್ಮ ಮುಖಬೆಲೆಯಲ್ಲಲ್ಲ. ಅರ್ಜಿ ಕರೆಯೋದು ಆಯಾ ವರ್ಷ ಪ್ರಥಮ ಮುದ್ರಣವಾದ ಪುಸ್ತಕಗಳಿಗೆ. ಅದಕ್ಕೇ ಡಿಸೆಂಬರ್ ಕೊನೇಲಿ ಅಚ್ಚು ಮುಗಿಯೋ ಹಾಗಿದ್ದರೆ ಇಸವಿ ಯಾವುದು ಹಾಕೋದು ಅಂತ ಮೊದಲೇ ಯೋಚಿಸಿ.

ಬಿಡುಗಡೆಯ ಖರ್ಚು ಬೇರೆ ಚೀಟಿಯಲ್ಲಿ ಬರೀರಿ. ಮಂಡ್ಯದ ಗಾಂಧಿ ಭವನವೋ ಮೈಸೂರಿನ ಕಲಾಮಂದಿರದ ಮನೆಯಂಗಳವೋ, ಬಾಡಿಗೆ, ಮೈಕು, ಆಹ್ವಾನ ಪತ್ರಿಕೆ, ಫ್ಲೆಕ್ಸು, ಹಾರ, ಶಾಲು, ಮೈಸೂರು ಪೇಟ, ನೂರೈವತ್ತು ಜನಕ್ಕೆ ಉಪ್ಪಿಟ್ಟು ಕಾಫಿ. ಇದು 500 ಪ್ರತಿಯ ಬೈಂಡಿಂಗ್ ಖರ್ಚನ್ನ ಸುಲಭವಾಗಿ ಮೀರುತ್ತೆ. ಮುಖಬೆಲೆಯಲ್ಲಿ ಇದನ್ನ ವಸೂಲು ಮಾಡೋಕೆ ಹೋದರೆ ಪುಸ್ತಕ ₹260 ಆಗುತ್ತೆ, ಅಂಗಡಿಯಲ್ಲಿ ಕೈಗೆತ್ತಿಕೊಂಡೋರು ಹಾಗೇ ಇಟ್ಟುಬಿಡ್ತಾರೆ.

ಶಿಂಷಾ_ದಂಡೆ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಧನ್ಯವಾದ. 164 ಪುಟದಲ್ಲಿ ಆರು ಖಾಲಿ ಎಡಪುಟ ಇರುವುದು ಈಗ ಗಮನಕ್ಕೆ ಬಂತು, 160ಕ್ಕೆ ಇಳಿಸಿಸುತ್ತೇನೆ. ಇನ್ನು ನಾಲ್ಕು ವಿಷಯ. ಬೈಂಡಿಂಗ್‌ನಲ್ಲಿ ಹೊಲಿಗೆ ಹಾಕಿಸಬೇಕೇ? ಪುಸ್ತಕ ಕೈಗೆ ಬಂದಾಗ ಏನೇನು ನೋಡಬೇಕು? ಪ್ಯಾಕೇಜಿನ ಬಗ್ಗೆ ಯಾರೂ ಹೇಳಲಿಲ್ಲ. ಅಂಚೆಯಲ್ಲಿ ಕಳಿಸಲು ಒಂದು ಪ್ರತಿಗೆ ಎಷ್ಟಾಗಬಹುದು?

ಅಚ್ಚಿನಮನೆ

ಹೊಲಿಗೆ ಹಾಕಿಸಿದರೆ ಪ್ರತಿಗೆ ಏಳೆಂಟು ರೂಪಾಯಿ ಹೆಚ್ಚು ಬೀಳಬಹುದು. ಗ್ರಂಥಾಲಯದಲ್ಲಿ ನೂರು ಕೈ ದಾಟೋ ಪುಸ್ತಕಕ್ಕೆ, ಇಲ್ಲಾ 300 ಪುಟದ ಮೇಲಿನದಕ್ಕೆ ಅದು ಬೇಕು. 160 ಪುಟಕ್ಕೆ ಪರ್ಫೆಕ್ಟ್ ಬೈಂಡಿಂಗ್ ಸಾಕು, ಚೆನ್ನಾಗಿ ಮಾಡಿದ್ದರೆ. ಹಾಳಾಗೋದು ಎರಡು ಕಾರಣಕ್ಕೆ. ಬೆನ್ನನ್ನ ಸರಿಯಾಗಿ ಉಜ್ಜಿ ಒರಟು ಮಾಡದೆ ಅಂಟು ಹಾಕಿದರೆ ಒಳಮಡಿಕೆಯ ಹಾಳೆಗಳಿಗೆ ಅಂಟು ತಲುಪಲ್ಲ, ನಡುವಿನ ಹಾಳೆ ಎಳೆದರೆ ಕೈಗೇ ಬರುತ್ತೆ. ಇನ್ನೊಂದು ಕಾಗದದ ಗ್ರೇನ್, ಅಂದ್ರೆ ನಾರಿನ ದಿಕ್ಕು. ಅದು ಪುಸ್ತಕದ ಬೆನ್ನಿಗೆ ಸಮಾನವಾಗಿ ಮೇಲಿಂದ ಕೆಳಕ್ಕೆ ಇರಬೇಕು. ಅಡ್ಡ ಬಿದ್ದರೆ ಪುಸ್ತಕ ತೆರೆದಿಟ್ಟರೆ ನಿಲ್ಲಲ್ಲ, ತಾನಾಗಿ ಮುಚ್ಕೊಳ್ಳುತ್ತೆ, ಮಳೆಗಾಲದಲ್ಲಿ ಬೆನ್ನಿನ ಹತ್ತಿರ ಅಲೆಅಲೆಯಾಗಿ ಏಳುತ್ತೆ. ಗೊತ್ತಾಗಬೇಕಾದರೆ ಆ ಕಾಗದದ ಒಂದು ತುಂಡು ಹರಿದು ನೋಡಿ: ಗ್ರೇನ್ ಇರೋ ದಿಕ್ಕಿಗೆ ನೇರವಾಗಿ ಹರಿಯುತ್ತೆ, ಅಡ್ಡಕ್ಕೆ ಹರಿದರೆ ಸೊಟ್ಟಸೊಟ್ಟ.

ಎಲ್ಲ ಅಚ್ಚಾಗೋ ಮೊದಲು ಎರಡು ಕೇಳಿ. ಒಂದು, ಅದೇ ಕಾಗದದ 80 ಹಾಳೆ ಕಟ್ಟಿದ ಖಾಲಿ ಡಮ್ಮಿ. ಬೆನ್ನು ಸುಮಾರು 8 ಮಿ.ಮೀ. ಬರುತ್ತೆ, ಆದರೆ ಅಳೆದ ಮೇಲೇ ಮುಖಪುಟ ಅಂತಿಮ ಮಾಡಿಸಿ. ಊಹೆ ಮೇಲೆ ಮಾಡಿದರೆ ಬೆನ್ನಿನ ಮೇಲಿನ ಹೆಸರು ಮುಂದಕ್ಕೆ ಜಾರಿರುತ್ತೆ. ಕನ್ನಡಕ್ಕೆ ಒತ್ತಿನ ಜಾಗವೂ ಬೇಕಲ್ಲ, ಬೆನ್ನಿನ ಎರಡೂ ಅಂಚಿಗೆ ಒಂದೂವರೆ ಮಿ.ಮೀ. ಬಿಟ್ಟು ಅಕ್ಷರ ಕೂರಿಸಬೇಕು. ಮುಖಪುಟದ ಚಿತ್ರ ಸುತ್ತಲೂ 3 ಮಿ.ಮೀ. ಹೊರಕ್ಕೆ ಚಾಚಿರಲಿ, ಇಲ್ಲದಿದ್ದರೆ ಕತ್ತರಿಸಿದ ಮೇಲೆ ಬಿಳಿ ಗೆರೆ ಕಾಣುತ್ತೆ. ಎರಡು, ಕೊನೆಯ ಪಿಡಿಎಫ್‌ನ ಒಂದೇ ಒಂದು ಪ್ರತಿ ಡಿಜಿಟಲ್‌ನಲ್ಲಿ ಕಟ್ಟಿಸಿ. ಒಂದೇ ಪ್ರತಿಗೆ ₹250 ತಗೊಂಡರೂ ಚಿಂತೆಯಿಲ್ಲ, ಪುಸ್ತಕದ ರೂಪದಲ್ಲಿ ಕಂಡಾಗ ಕರಡಿನಲ್ಲಿ ಕಾಣದ್ದು ಕಾಣುತ್ತೆ.

ಪುಸ್ತಕ ಬಂದಾಗ: 25ರ ಒಂದು ಕಟ್ಟು ಸುಮಾರು ನಾಲ್ಕೂಮುಕ್ಕಾಲು ಕೆ.ಜಿ., 500ಕ್ಕೆ 20 ಕಟ್ಟು. ಪ್ರತಿ ಕಟ್ಟಿನಿಂದ ಎರಡು ಪ್ರತಿ ತೆಗೆದು ಫಾರಂ ಸೇರೋ ಜಾಗ ನೋಡಿ: 16–17, 32–33, 48–49, ಹೀಗೆ 144–145ರವರೆಗೆ. ಒಂದು ಫಾರಂ ಬಿಟ್ಟುಹೋಗಿದ್ದರೆ, ಎರಡು ಸಲ ಸೇರಿದ್ದರೆ, ತಲೆಕೆಳಗಾಗಿದ್ದರೆ ಅಲ್ಲೇ ಸಿಗುತ್ತೆ, 160 ಪುಟ ತಿರುವಬೇಕಿಲ್ಲ. ಒಂದು ಸಿಕ್ಕರೆ ಆ ಕಟ್ಟು ಪೂರ್ತಿ ನೋಡಿ, ತಪ್ಪು ಸಾಲಾಗಿ ಬಂದಿರುತ್ತೆ. ಎದುರು ಪುಟಕ್ಕೆ ಇಂಕು ಒತ್ತಿದೆಯಾ ನೋಡಿ, ಒಣಗೋ ಮೊದಲೇ ಮಡಿಸಿದ್ದರೆ ಹಾಗಾಗುತ್ತೆ. ಕಡೇ ಕಂತು 30 ಪರ್ಸೆಂಟ್ ಕೈಯಲ್ಲಿಟ್ಕೊಂಡು ಈ ಪರೀಕ್ಷೆ ಆದ ಮೇಲೆ ಕೊಡಿ, ಹಾಳಾದ ಪ್ರತಿ ಬದಲಿಸಿಕೊಡೋದು ಅಂತ ಕೊಟೇಶನ್ನಿನಲ್ಲೇ ಬರೆಸಿ. ತಿದ್ದೋಕೆ ಬರೋ ಇನ್‌ಡಿಸೈನ್ ಫೈಲು, ಫಾಂಟು, ಮುಖಪುಟದ ಫೈಲು ಪೆನ್‌ಡ್ರೈವ್‌ನಲ್ಲಿ ಇಸ್ಕೊಳ್ಳಿ. ಎರಡನೇ ಮುದ್ರಣಕ್ಕೆ ಅದಿಲ್ಲದಿದ್ದರೆ ₹4,800ರ ಪುಟವಿನ್ಯಾಸ ಮತ್ತೆ ಮೊದಲಿಂದ.

ಮನೆಯಲ್ಲಿ ಇಡೋವಾಗ ನೆಲದ ಮೇಲೆ, ಗೋಡೆಗೆ ಒತ್ತಿ ಬೇಡ. ಹಲಗೆ ಹಾಕಿ, ಗೋಡೆಯಿಂದ ಒಂದು ಗೇಣು ಬಿಟ್ಟು, ಕಟ್ಟುಗಳನ್ನ ಮಲಗಿಸಿಡಿ. ಗೆದ್ದಲು ಗೋಡೆಯಿಂದಲೇ ಹತ್ತೋದು.

ಹೆಬ್ಬಾಳ_ಓದುಗ (ಮೈಸೂರು)

ಪ್ಯಾಕೇಜಿನ ಲೆಕ್ಕ ಮಾಡೋಣ. 100 ಪ್ರತಿಗೆ ಡಿಜಿಟಲ್‌ನಲ್ಲಿ ₹13,000, ಪುಟವಿನ್ಯಾಸ ₹4,800, ಮುಖಪುಟ ₹4,000. ₹21,800 ಆಯಿತು. ಕರಡು ತಿದ್ದುವುದು ಪ್ಯಾಕೇಜಿನಲ್ಲಿ ಬರೆದೇ ಇಲ್ಲ ಎಂಬುದನ್ನು ಗಮನಿಸಿ. ಉಳಿದ ₹23,200 ಐಎಸ್‌ಬಿಎನ್‌ಗೆ ಮತ್ತು ಆನ್‌ಲೈನ್ ಮಾರಾಟಕ್ಕೆ. ಐಎಸ್‌ಬಿಎನ್ ನಮ್ಮ ದೇಶದಲ್ಲಿ ಉಚಿತ. ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗಿರುವ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯ ಪೋರ್ಟಲ್‌ನಲ್ಲಿ ಲೇಖಕರೇ ಅರ್ಜಿ ಹಾಕಬಹುದು. ಗುರುತಿನ ಚೀಟಿ, ಶೀರ್ಷಿಕೆ ಪುಟ ಎಲ್ಲ ಸಿದ್ಧವಿಟ್ಟುಕೊಳ್ಳಿ, ಅರ್ಜಿಯಲ್ಲಿ ಬರೆದ ಪ್ರಕಾಶಕರ ಹೆಸರೂ ಪುಸ್ತಕದಲ್ಲಿ ಅಚ್ಚಾಗುವ ಹೆಸರೂ ಒಂದೇ ಇರಲಿ. ಸಂಖ್ಯೆ ಕೈಗೆ ಬರಲು ಸಮಯ ಹಿಡಿಯುವುದರಿಂದ ಕರಡು ತಿದ್ದುವ ಹೊತ್ತಿಗೇ ಅರ್ಜಿ ಹಾಕಿ. ಮುಂದೆ ಇ-ಪುಸ್ತಕ ತಂದರೆ ಅದಕ್ಕೆ ಬೇರೆ ಸಂಖ್ಯೆ ಬೇಕು. ಬಾರ್‌ಕೋಡನ್ನು ಮುಖಪುಟ ಮಾಡುವವರೇ ಆ ಸಂಖ್ಯೆಯಿಂದ ತಯಾರಿಸುತ್ತಾರೆ. ಬಿಳಿ ಚೌಕದ ಮೇಲೆ ಕಪ್ಪು ಗೆರೆಯಾಗಿರಲಿ, ಬಣ್ಣದ ಮೇಲೆ ಹಾಕಿದರೆ ಅಂಗಡಿಯ ಯಂತ್ರ ಓದದೇ ಹೋಗಬಹುದು.

ಪ್ಯಾಕೇಜೇ ಬೇಕೆಂದರೆ ಸಹಿಗೆ ಮೊದಲು ಈ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯಿರಿ. ಐಎಸ್‌ಬಿಎನ್ ಯಾರ ಹೆಸರಲ್ಲಿ? ಅವರ ಹೆಸರಲ್ಲಿದ್ದರೆ ದಾಖಲೆಯಲ್ಲಿ ಪ್ರಕಾಶಕರು ಅವರೇ, ನೀವಲ್ಲ. ಹಕ್ಕು ಎಷ್ಟು ವರ್ಷಕ್ಕೆ, ಬೇರೆ ಕಡೆ ಅಚ್ಚು ಹಾಕಿಸುವ ಸ್ವಾತಂತ್ರ್ಯ ಇದೆಯೇ? ರಾಯಧನ ಮುಖಬೆಲೆಯ ಮೇಲೋ, ಖರ್ಚು ಕಳೆದ ಮೇಲೋ? ನೂರರ ನಂತರ ನಿಮಗೇ ಪ್ರತಿ ಬೇಕಾದರೆ ದರ ಎಷ್ಟು? ಈ ಕೊನೆಯದು ₹120ಕ್ಕಿಂತ ಹೆಚ್ಚಿದ್ದರೆ ₹200ರ ಪುಸ್ತಕ ಅಂಗಡಿಗೆ 40 ಪರ್ಸೆಂಟಿನಲ್ಲಿ ಕೊಟ್ಟಾಗಲೆಲ್ಲ ಕೈಯಿಂದ ಹೋಗುತ್ತದೆ. ವಿದೇಶದಲ್ಲಿರುವ ಓದುಗರೇ ಹೆಚ್ಚು ಎನ್ನುವವರಿಗೆ ಬೇಕಾದಾಗ ಅಚ್ಚಿಸುವ ವ್ಯವಸ್ಥೆ ಸರಿ. ನಿಮ್ಮ ಓದುಗರು ಮಂಡ್ಯ, ಮದ್ದೂರು, ಮೈಸೂರಿನಲ್ಲಿದ್ದಾರೆ, ನಿಮಗೆ ಅದರ ಅಗತ್ಯ ಕಾಣುವುದಿಲ್ಲ.

ಅಂಚೆಗೆ: 160 ಪುಟದ ನಿಮ್ಮ ಪುಸ್ತಕ ಕತ್ತರಿಸಿದ ಮೇಲೆ ಸುಮಾರು 190 ಗ್ರಾಂ, ಕವರು ಸೇರಿ 220. 2025ರ ಮೇ 1ರಿಂದ ಅಂಚೆ ಇಲಾಖೆಯ ‘ಜ್ಞಾನ ಪೋಸ್ಟ್’ ಇದೆ. 300 ಗ್ರಾಂವರೆಗೆ ₹20, 5 ಕೆ.ಜಿ.ಗೆ ₹100, ತೆರಿಗೆ ಪ್ರತ್ಯೇಕ. ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆ ಎಂಬ ನಿಯಮವಿದೆ. ಒಳಗೆ ಜಾಹೀರಾತು ಇರಬಾರದು, ಮುದ್ರಕರ ಅಥವಾ ಪ್ರಕಾಶಕರ ಹೆಸರು ಅಚ್ಚಾಗಿರಲೇಬೇಕು. ಕಥಾಸಂಕಲನವನ್ನು ಈ ದರದಲ್ಲಿ ತೆಗೆದುಕೊಳ್ಳುತ್ತಾರೆಯೇ ಎಂದು ಒಂದು ಪ್ರತಿ ಹಿಡಿದು ಕೌಂಟರಿನಲ್ಲಿ ಕೇಳಿ, ಆಮೇಲೆ ಜನರಿಗೆ ಅಂಚೆವೆಚ್ಚ ಹೇಳಿ. ರಸ್ತೆ, ರೈಲಿನಲ್ಲೇ ಹೋಗುವುದರಿಂದ ನಿಧಾನ. ಆತುರ ಇರುವವರಿಗೆ ಸ್ಪೀಡ್ ಪೋಸ್ಟ್, ಆ ಖರ್ಚು ಅವರದೇ.

ಇನ್ನೊಂದು, ಇದು ಅಚ್ಚಿಗೆ ಕೊಡುವ ಮೊದಲೇ ನೋಡಬೇಕಾದದ್ದು. ಇದು ನಿಮ್ಮ ಮೊದಲ ಪುಸ್ತಕವಾಗಿದ್ದು ವಯಸ್ಸು ಹೊಂದುವುದಾದರೆ, ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಅದು ಹಸ್ತಪ್ರತಿಗೆ ಸಿಗುವಂಥದ್ದು, ಒಮ್ಮೆ ಅಚ್ಚಾಗಿಬಿಟ್ಟರೆ ಆ ಬಾಗಿಲು ಮುಚ್ಚಿದಂತೆ. ಈ ವರ್ಷದ ಪ್ರಕಟಣೆ ಬಂದಿದೆಯೇ, ವಯೋಮಿತಿ ಎಷ್ಟು ಎಂದು ವಿಚಾರಿಸಿಯೇ ಪ್ರೆಸ್ಸಿಗೆ ಮುಂಗಡ ಕೊಡಿ.

ಶಿಂಷಾ_ದಂಡೆ

ಮುಂಗಡ ಇನ್ನೂ ಕೊಟ್ಟಿಲ್ಲ. ಐಎಸ್‌ಬಿಎನ್ ಅರ್ಜಿ, ಪದಪಟ್ಟಿ, ಕೊಳ್ಳುವವರ ಹೆಸರಿನ ಪಟ್ಟಿ, ಮೂರನ್ನೂ ಈ ವಾರ ಶುರು ಮಾಡುತ್ತೇನೆ. ‘ಬತ್ತೀನಿ’ ಎಂದೇ ಎಲ್ಲ ಕಡೆ ಇರಿಸುತ್ತೇನೆ.